‘ಹಕ್ಕಿ ಕಾಯುವುದು’: ಗಡಿಭಾಗದ ಹೊಲಗಾವಲಿನ ಮಾತು ಮತ್ತು ನಮ್ಮ ಶಬ್ದಪಟ್ಟಿಗಳು

ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡವನ್ನು ಕುರಿತು ಸಂಕಿರಣಗಳಲ್ಲಿ ಓದಲಾಗುವ ಪ್ರಬಂಧಗಳನ್ನು ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತ ಬಂದವನು. ಅವುಗಳಲ್ಲಿ ಹೆಚ್ಚಿನವುಗಳ ಕೊನೆಗೆ ಒಂದು ಶಬ್ದಪಟ್ಟಿ ಇರುತ್ತದೆ. ಎಡಗಡೆ ಶಿಷ್ಟ ಕನ್ನಡ, ನಡುವೆ ಗಡಿಭಾಗದ ರೂಪ, ಬಲಗಡೆ ಮರಾಠಿ. ಒಕ್ಕಲುತನದ ಸಲಕರಣೆಗಳ ಪಟ್ಟಿಯಲ್ಲಿ ಹಕ್ಕಿ ಓಡಿಸುವ ಸಾಧನಗಳಿಗೆ ಸಿಗುವುದು ಬಹಳವಾದರೆ ಮೂರು ಸಾಲು. ಕವಣೆಗೆ ‘ಗೋಫಣ’, ಬೆದರುಬೊಂಬೆಗೆ ‘ಬುಜಗಾವಣ’, ಅಟ್ಟಕ್ಕೆ ‘ಮಾಳಾ’. ಮೂರೂ ಸಾಲಿನಲ್ಲಿ ನಡುವಿನ ಅಂಕಣವೂ ಬಲಗಡೆಯ ಅಂಕಣವೂ ಒಂದೇ ಆಗಿರುವುದನ್ನು ತೋರಿಸಿ, ಈ ಭಾಗದ ಒಕ್ಕಲುತನದ ಮಾತಿನಲ್ಲಿ ಕನ್ನಡ ಅಳಿದುಹೋಗಿದೆ ಎಂದು ತೀರ್ಪು ಕೊಡಲಾಗುತ್ತದೆ. ಇದಕ್ಕೆ ವಿರುದ್ಧವಾದ ಇನ್ನೊಂದು ಪಕ್ಷವೂ ಉಂಟು. ಅವರು ಎಂಬತ್ತು ದಾಟಿದ ಮುದುಕರನ್ನು ಹುಡುಕಿಕೊಂಡು ಹೋಗಿ, ‘ಕವಣಿ ಅಂತೀರಲ್ಲ?’ ಎಂದು ಕೇಳಿ, ಹೌದೆನ್ನಿಸಿ, ಕನ್ನಡ ಅಚ್ಚಳಿಯದೆ ಉಳಿದಿದೆ ಎಂದು ಬರೆಯುತ್ತಾರೆ.

ಎರಡೂ ಪಕ್ಷದವರು ಮನಸ್ಸಿನಲ್ಲಿ ಉತ್ತರವನ್ನು ಇಟ್ಟುಕೊಂಡೇ ಹೊಲಕ್ಕೆ ಇಳಿದವರು ಎಂಬುದು ನನ್ನ ಆಕ್ಷೇಪ. ಸಾಧನದ ಹೆಸರೊಂದನ್ನು ಕೇಳಿ ಬಂದರೆ ಭಾಷೆಯನ್ನು ಕೇಳಿ ಬಂದಂತಾಗುವುದಿಲ್ಲ. ಹೆಸರು ಸಂತೆಯಲ್ಲಿ ಬದಲಾಗುತ್ತದೆ; ಸಾಧನವನ್ನು ಮಾಡುವ, ಹಿಡಿಯುವ, ಬೀಸುವ, ಬಿಡುವ ಮಾತು ಮನೆಯಲ್ಲಿ ಉಳಿದಿರುತ್ತದೆ. ಈ ಒಂದು ಸಂಗತಿಯನ್ನು ಹಕ್ಕಿ ಕಾಯುವ ಸಾಧನಗಳ ಮೂಲಕ ತೋರಿಸಬೇಕೆಂದು ಈ ಬರಹ. ನಾನು ಭಾಷಾಶಾಸ್ತ್ರವನ್ನು ಓದಿದವನಲ್ಲ. ಸಂಸ್ಕೃತ ವ್ಯಾಕರಣವನ್ನು ಹಳೆಯ ಕ್ರಮದಲ್ಲಿ ಕಲಿತು, ಅದನ್ನೇ ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತನಾದವನು. ಮನೆಮಾತು ಕನ್ನಡ. ಚಿಕ್ಕವನಿದ್ದಾಗ ನಾಲ್ಕಾರು ಹಿಂಗಾರಿ ಹಂಗಾಮು ಅಟ್ಟದ ಮೇಲೆ ಕೂತು ಗಂಟಲು ಹರಿದುಕೊಂಡವನು.

ಪ್ರದೇಶದ ವಿಚಾರ ಎರಡು ಮಾತಿನಲ್ಲಿ. ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದವು. ಅಹಮದಪುರದೊಂದಿಗೆ ಅವು ಮುಂಬಯಿ ರಾಜ್ಯಕ್ಕೆ, ಅಂದರೆ ಉಸ್ಮಾನಾಬಾದ ಜಿಲ್ಲೆಗೆ ಹೋದವು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾದಾಗ ಅಲ್ಲಿಗೆ ಸೇರಿದವು. ಉಮರ್ಗಾ ಮೊದಲಿನಿಂದ ಉಸ್ಮಾನಾಬಾದಿನಲ್ಲಿತ್ತು, ಈಗ ಆ ಜಿಲ್ಲೆಯ ಹೆಸರು ಧಾರಾಶಿವ. ಹೀಗೆ ಊರು ಕದಲದೆ ಇದ್ದಲ್ಲೇ ಇದ್ದು, ಜಿಲ್ಲೆಯೂ ರಾಜ್ಯವೂ ಬದಲಾದವು. ನಮ್ಮ ಹಿರಿಯರ ಕಾಲಕ್ಕೆ ಕಚೇರಿಯ ಮಾತು ಉರ್ದು, ನಮ್ಮ ಕಾಲಕ್ಕೆ ಮರಾಠಿ. ಹೊಲದ ಮಾತಿಗೆ ಯಾವ ಕಚೇರಿಯೂ ಇರಲಿಲ್ಲ.

ಈಗ ಸಾಧನಕ್ಕೆ ಬರೋಣ. ನಮ್ಮ ಕಡೆ ಹಕ್ಕಿಯ ಕಾಟ ಎಂದರೆ ಮುಖ್ಯವಾಗಿ ಹಿಂಗಾರಿ ಬಿಳಿಜೋಳಕ್ಕೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ ಮಾಲದಂಡಿ ತಳಿ ಈ ಎಲ್ಲ ಎರಿ ಹೊಲಗಳಲ್ಲಿ ಹಬ್ಬಿತು. ಎದ್ದು ನಿಂತ ಮನುಷ್ಯನನ್ನು ಮುಚ್ಚುವ ಎತ್ತರ ಅದರದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಿತ್ತಿದ್ದು ಡಿಸೆಂಬರ್ ಜನವರಿಯಲ್ಲಿ ಹಾಲ್ಗಾಳಿಗೆ ಬರುತ್ತದೆ. ಸೀತನಿ ತಿನ್ನುವ ಕಾಲ. ನಮಗೂ ರುಚಿ, ಹಕ್ಕಿಗೂ ರುಚಿ. ಹಾಲು ತುಂಬಿದಲ್ಲಿಂದ ಕಾಳು ಗಟ್ಟಿಯಾಗುವ ತನಕ ಸುಮಾರು ಒಂದು ತಿಂಗಳು ಬೆಳಿಗ್ಗೆ ಮಂಜು ಹರಿಯುವುದರಿಂದ ಬಿಸಿಲೇರುವವರೆಗೆ, ಮತ್ತೆ ಹೊತ್ತು ಇಳಿದ ಮೇಲೆ ಕತ್ತಲಾಗುವವರೆಗೆ ಕಾಯಬೇಕು. ನಡುಹಗಲಿನಲ್ಲಿ ಹಕ್ಕಿಯೂ ನೆರಳಿಗೆ, ಕಾಯುವವನೂ ನೆರಳಿಗೆ.

ಎಲ್ಲ ಹಕ್ಕಿಗೂ ಒಂದೇ ಸಾಧನ ನಡೆಯುವುದಿಲ್ಲ. ಗುಬ್ಬಿ ನಾಲ್ಕಾಗಿ ಆರಾಗಿ ಬಂದು ತೆನೆಗೆ ತೂಗಿಬೀಳುತ್ತದೆ, ಬೊಂಬೆಯನ್ನು ಎರಡೇ ದಿನದಲ್ಲಿ ಗುರುತಿಸಿ ಅದರ ತಲೆಯ ಮೇಲೇ ಕೂಡುತ್ತದೆ. ಗಿಣಿ ತೆನೆ ಕಡಿದು ಅರ್ಧ ತಿಂದು ಅರ್ಧ ಕೆಡವುತ್ತದೆ. ಅದಕ್ಕೆ ಸಪ್ಪಳ ಬೇಕು. ಬೆಳವ ನೆಲದ ಕಾಳಿಗೆ ಬರುವಂಥದು, ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲಕ್ಕೂ ಕೆಟ್ಟದ್ದು ಭೋರಡಿ. ಮಧ್ಯ ಏಶಿಯಾದ ಬಯಲುಗಳಲ್ಲಿ ಮರಿ ಮಾಡಿ ಮಳೆಗಾಲದ ನಂತರ ಇಲ್ಲಿಗೆ ಬರುವ ಈ ಹಕ್ಕಿ ಸಾವಿರಗಟ್ಟಲೆ ಒಂದೇ ಮೋಡವಾಗಿ ಹೊಲದ ಮೇಲೆ ಬೀಳುತ್ತದೆ. ಕೂಗಿದರೆ ಈ ಮೂಲೆಯಿಂದ ಎದ್ದು ಆ ಮೂಲೆಗೆ ಇಳಿಯುತ್ತದೆ. ಅದಕ್ಕೆ ಕವಣೆಯೇ ಬೇಕು. ಇಲ್ಲಿಯೇ ಒಂದು ಮಾತು ಗಮನಿಸಬೇಕು. ಗುಬ್ಬಿ ಚಿಮಣಿ ಆಗಿಲ್ಲ, ಗಿಣಿ ಪೋಪಟ ಆಗಿಲ್ಲ. ಸಲಕರಣೆಯ ಹೆಸರು ಮರಾಠಿಯಾದ ಮನೆಯಲ್ಲೇ ಹಕ್ಕಿಯ ಹೆಸರು ಕನ್ನಡವಾಗಿ ಉಳಿದಿದೆ. ಭೋರಡಿ ಮಾತ್ರ ಮರಾಠಿಯಲ್ಲೂ ಭೋರಡಿ, ನಮ್ಮಲ್ಲೂ ಭೋರಡಿ. ಪುಸ್ತಕದಲ್ಲಿರುವ ‘ಗುಲಾಬಿ ಕಬ್ಬಕ್ಕಿ’ ಎಂಬ ಹೆಸರನ್ನು ಹೊಲದಲ್ಲಿ ಹೇಳಿದರೆ ಯಾವುದೋ ಹೂವಿನ ಗಿಡ ಎಂದಾರು. ಪಟ್ಟಿ ಮಾಡುವವರು ಸಲಕರಣೆಯ ಪುಟವನ್ನೂ ಪಕ್ಷಿಗಳ ಪುಟವನ್ನೂ ಬೇರೆ ಬೇರೆ ಕಡೆ ಅಚ್ಚುಹಾಕುವುದರಿಂದ ಈ ಸಂಬಂಧ ಕಣ್ಣಿಗೆ ಬೀಳುವುದಿಲ್ಲ.

ಕವಣೆಯನ್ನು ಮಾಡುವುದು ಹೀಗೆ. ಪುಂಡಿನಾರನ್ನು ತೊಡೆಯ ಮೇಲೆ ಹೊಸೆದು ಎರಡು ಹುರಿ. ನಡುವೆ ಅಂಗೈಯಗಲ ಹೆಣೆದ ಜಾಗ, ಅಲ್ಲಿ ಕಲ್ಲು ಕೂಡುತ್ತದೆ. ಒಂದು ಹುರಿಯ ತುದಿಗೆ ಬೆರಳು ತೂರಿಸುವ ಕುಣಿಕೆ, ಇನ್ನೊಂದರ ತುದಿ ಬಿಡಿ, ಅದಕ್ಕೆ ನಾರಿನ ಗೊಂಡೆ. ಕುಣಿಕೆಯನ್ನು ಬೆರಳಿಗೆ ಹಾಕಿ, ಬಿಡಿ ತುದಿಯನ್ನು ಅದೇ ಕೈಯಲ್ಲಿ ಒತ್ತಿ ಹಿಡಿದು, ತಲೆಯ ಮೇಲೆ ಎರಡು ಮೂರು ಸುತ್ತು ತಿರುವಿ, ಗುರಿಗೆ ಎದುರಾದಾಗ ಬಿಡಿ ತುದಿಯನ್ನು ಸಡಿಲಿಸಬೇಕು. ಕಲ್ಲು ಹೋಗುತ್ತದೆ, ಗೊಂಡೆ ಚಾಟಿಯಂತೆ ಛಟ್ಟೆಂದು ಸಿಡಿಯುತ್ತದೆ. ಹಕ್ಕಿ ಏಳುವುದು ಬಹುಪಾಲು ಈ ಸಪ್ಪಳಕ್ಕೇ. ಕಲ್ಲಿಲ್ಲದೆ ಬರಿ ಕವಣೆಯನ್ನು ಸಿಡಿಸುವುದೂ ಉಂಟು. ಎರಿ ಹೊಲದಲ್ಲಿ ಕಲ್ಲೆಲ್ಲಿ? ಹೆಂಟೆಯೇ ಕಲ್ಲು. ಹೆಂಟೆಗೆ ಒಂದು ಗುಣವಿದೆ, ಗಾಳಿಯಲ್ಲೇ ಒಡೆದು ಚದರಿ ಪಟಪಟನೆ ದಂಟಿನ ಮೇಲೆ ಬೀಳುತ್ತದೆ; ತೆನೆಗೆ ಪೆಟ್ಟಾಗುವುದಿಲ್ಲ, ಪಕ್ಕದ ಹೊಲದವನ ತಲೆಗೂ ಆಗುವುದಿಲ್ಲ.

ಉಮರ್ಗಾ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳನ್ನು ಈ ವಿಷಯ ಕೇಳಿದೆ. ನಾನು ಆಕೆಯನ್ನು ‘ಆಯಿ’ ಎಂದೆ, ಆಕೆ ನನ್ನನ್ನು ‘ಗುರೂಜಿ’ ಎಂದಳು. ಹೆಸರು ಕೇಳಿದ್ದಕ್ಕೆ, “ಗೋಪಣಿ ಅಂತೀವ್ರಿ ಗುರೂಜಿ. ಕವಣಿ ಅಂಬೋದು ನಮ್ಮ ಮುತ್ಯಾನ ಮಾತು” ಎಂದಳು. ಪಟ್ಟಿ ಮಾಡುವವನಾಗಿದ್ದರೆ ಇಲ್ಲಿಗೆ ಪುಸ್ತಕ ಮುಚ್ಚುತ್ತಿದ್ದೆ. ಹ್ಯಾಂಗ ಮಾಡತಿದ್ದಿರಿ ಎಂದು ಕೇಳಿದೆ. ಆಗ ಬಂತು ಮಾತು: “ಪುಂಡಿನಾರು ಹೊಸದು ಹುರಿ ಮಾಡಬೇಕ್ರಿ. ನಡುಕ ಹೆಣಿಬೇಕು. ಕುಣಿಕಿ ಬೆಳ್ಳಿಗಿ ಸಿಗಿಸಬೇಕು. ಹೆಂಟಿ ಇಟ್ಟು, ತಿರಿವಿ ತಿರಿವಿ, ಬಿಟ್ಟಬಿಡಬೇಕು. ಬಿಡೂ ಹೊತ್ತು ತಪ್ಪಿತಂದ್ರ ಹೆಂಟಿ ನಿಮ್ಮ ಬೆನ್ನಿಗೇ ಬರ್ತದ.” ಹೊಸಿ, ಹೆಣಿ, ಸಿಗಿಸು, ತಿರಿವು, ಬಿಡು; ನಾರು, ಹುರಿ, ಕುಣಿಕಿ, ಹೆಂಟಿ. ಇದರಲ್ಲಿ ಮರಾಠಿ ಎಷ್ಟು? ಗೋಪಣಿ ಒಂದೇ. ಅದೂ ಮರಾಠಿಯ ‘ಗೋಫಣ’ ಇದ್ದಂತೆ ಇಲ್ಲ. ಮಹಾಪ್ರಾಣ ಹೋಯಿತು, ಕೊನೆಗೆ ಇಕಾರ ಬಂತು. ಆ ಇಕಾರ ಎಲ್ಲಿಯದು? ‘ಕವಣಿ’ಯದು ಎಂದು ನನಗೆ ತೋರುತ್ತದೆ. ಹೊಸ ಹೆಸರು ಹಳೆಯ ಹೆಸರಿನ ಅಂಗಿ ತೊಟ್ಟುಕೊಂಡು ಮನೆಯೊಳಗೆ ಬಂದಿದೆ.

‘ಗೋಫಣ’ವನ್ನು ಮರಾಠಿಯ ಸ್ವತ್ತೆಂದು ಬರೆದುಕೊಡುವುದಕ್ಕೂ ನನ್ನ ತಕರಾರಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 18ನೆಯ ಅಧ್ಯಾಯದಲ್ಲಿ ಗಾಯಕ್ಕೆ ಕಟ್ಟುವ 14 ಬಗೆಯ ಕಟ್ಟುಗಳನ್ನು ಹೇಳಿದೆ. ಅವುಗಳಲ್ಲೊಂದು ಗೋಫಣಾ. ಗದ್ದ, ಮೂಗು, ತುಟಿ, ಹೆಗಲು ಮೊದಲಾದ ಉಬ್ಬುತಗ್ಗಿನ ಜಾಗಕ್ಕೆ ಕಟ್ಟುವಂಥದು: ನಡುವೆ ಅಗಲ ಮತ್ತು ಗುಳಿ, ಎರಡು ಕಡೆ ಎಳೆದು ಕಟ್ಟುವ ತುದಿಗಳು. ಕವಣೆಯನ್ನು ನೋಡಿದವರಿಗೆ ಇದರ ಆಕಾರವನ್ನು ವಿವರಿಸಬೇಕಾಗಿಲ್ಲ. ಶಲ್ಯವೈದ್ಯನು ಹೊಲ ಕಾಯುವವನ ಕೈಯಲ್ಲಿದ್ದ ವಸ್ತುವಿನ ಹೆಸರನ್ನೇ ಕಟ್ಟಿಗೆ ಇಟ್ಟಿರಬೇಕು ಎಂದು ನನ್ನ ಎಣಿಕೆ. ಮರಾಠಿ, ಗುಜರಾತಿ, ಹಿಂದಿ ಮೂರರಲ್ಲೂ ಈ ಶಬ್ದವಿದೆ. ನಮ್ಮ ಪಂಡಿತರು ಇದನ್ನು ‘ಗೋ’ ಮತ್ತು ‘ಫಣಾ’ ಎಂದು ಬಿಡಿಸುತ್ತಾರೆ. ಆಕಳಿಗೆ ಹೆಡೆ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಕವಣೆಯಾದರೋ ತಮಿಳಿನ ಕವಣ್, ಮಲಯಾಳದ ಕವಣ ಇವುಗಳ ಒಡಹುಟ್ಟು. ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಆಯುಧವಾಗಿಯೂ ಬರುತ್ತದೆ. ಹೀಗೆ ಒಂದೇ ಹುರಿಯ ಸಾಧನಕ್ಕೆ ಎರಡು ದೊಡ್ಡ ಮನೆತನದ ಹೆಸರುಗಳು. ಉಮರ್ಗಾದ ಆಯಿ ಎರಡನ್ನೂ ಬಲ್ಲಳು, ಯಾವುದು ಯಾರ ಕಾಲದ್ದೆಂಬುದನ್ನೂ ಬಲ್ಲಳು. ಇಂಥ ತಿಳಿವಳಿಕೆಯನ್ನು ‘ಕಲಬೆರಕೆ’ ಎಂದು ಕರೆಯುವುದು ಯಾವ ನ್ಯಾಯ?

ಕ್ರಿಯಾಪದದ ಕಡೆಗೆ ಹೋದರೆ ವಿಷಯ ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಕಡೆ ‘ಬೆಳಿ ಕಾಯಲಾಕ ಹೋಗ್ಯಾನ’ ಎಂದು ಹೇಳುವುದು ಕಡಿಮೆ. ‘ಹಕ್ಕಿ ಕಾಯಲಾಕ ಹೋಗ್ಯಾನ’ ಎನ್ನುತ್ತಾರೆ. ಮರಾಠಿಯಲ್ಲೂ ‘ಪಾಖರಂ ರಾಖಣೆ’ ಎಂದೇ ಇದೆ. ಈ ಸಾಮ್ಯವನ್ನು ಕಂಡ ಒಬ್ಬ ತರುಣ ಅಭ್ಯಾಸಿಗಳು, ಕನ್ನಡದ್ದು ಮರಾಠಿಯ ಪದಶಃ ಅನುವಾದ ಎಂದು ಸಭೆಯಲ್ಲಿ ವಾದಿಸಿದರು. ಹಕ್ಕಿಯನ್ನು ಯಾರಾದರೂ ಕಾಯುತ್ತಾರೆಯೇ, ಕಾಯುವುದು ಬೆಳೆಯನ್ನಲ್ಲವೇ, ಆದ್ದರಿಂದ ಇದು ಕನ್ನಡದ ಸಹಜ ಪ್ರಯೋಗವಲ್ಲ ಎಂಬುದು ಅವರ ತರ್ಕ. ಸಭೆ ಒಪ್ಪಿತು. ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲನೆಯದು, ಮರಾಠಿಯ ಗಾಳಿ ಸೋಕದ ಮಲೆನಾಡಿನಲ್ಲಿ ‘ಹಂದಿ ಕಾಯೋದು’ ಎನ್ನುತ್ತಾರೆ. ಹಂದಿಯನ್ನು ಸಾಕುವುದಲ್ಲ, ಗದ್ದೆಗೆ ಹಂದಿ ಬೀಳದಂತೆ ರಾತ್ರಿ ಎಚ್ಚರವಿರುವುದು. ಆನೆ ಇರುವ ಕಡೆ ‘ಆನೆ ಕಾಯೋದು’. ಅಲ್ಲಿಗೆ ಈ ಪ್ರಯೋಗವನ್ನು ಯಾವ ಮರಾಠಿಯವರು ಒಯ್ದರು? ಎರಡನೆಯದು, ‘ಕಾಯು’ ಎಂಬ ನಮ್ಮ ಧಾತುವಿಗೆ ಎರಡು ಮುಖ. ‘ದನ ಕಾಯು’ ಎಂದಾಗ ದನ ನಮ್ಮದು, ಉಳಿಯಬೇಕಾದದ್ದು. ‘ಹಕ್ಕಿ ಕಾಯು’ ಎಂದಾಗ ಹಕ್ಕಿ ಪರರದು, ತಡೆಯಬೇಕಾದದ್ದು. ಯಾವುದರ ಮೇಲೆ ಕಣ್ಣು ಇಟ್ಟಿರುತ್ತೇವೋ ಅದು ಕರ್ಮವಾಗುತ್ತದೆ. ಅಟ್ಟದ ಮೇಲೆ ಕೂತವನ ಕಣ್ಣು ಜೋಳದ ಮೇಲಿರುವುದಿಲ್ಲ. ಅದು ಆಕಾಶದ ಅಂಚಿನಲ್ಲಿರುತ್ತದೆ.

ಮೂರನೆಯದು ಪಾಣಿನಿಯ ಸಾಕ್ಷಿ. ತಡೆಯುವ ಅರ್ಥದ ಧಾತುಗಳ ಪ್ರಯೋಗದಲ್ಲಿ, ಯಾವುದನ್ನು ಉಳಿಸಿಕೊಳ್ಳಬೇಕೆಂದಿದೆಯೋ ಅದು ಅಪಾದಾನ ಎಂದು ಅಷ್ಟಾಧ್ಯಾಯಿಯ 1.4.27ನೆಯ ಸೂತ್ರ ಹೇಳುತ್ತದೆ. ಪರಂಪರೆಯಲ್ಲಿ ಕೊಡುವ ಉದಾಹರಣೆ ಹೊಲದ್ದೇ: ಜವೆಗೋಧಿಯಿಂದ ಆಕಳನ್ನು ತಡೆಯುತ್ತಾನೆ. ಬೆಳೆಗೆ ಪಂಚಮೀ ವಿಭಕ್ತಿ, ಓಡಿಸಲ್ಪಡುವ ಪ್ರಾಣಿಗೆ ದ್ವಿತೀಯಾ. ನಾವು ಆ ಪಂಚಮಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ‘ಜ್ವಾಳದಿಂದ’ ಎಂಬುದು ಹೊಲದಲ್ಲಿ ನಿಂತವನಿಗೆ ಹೇಳದೆ ಗೊತ್ತು. ಕನ್ನಡ, ಮರಾಠಿ, ಸಂಸ್ಕೃತ ಮೂರೂ ಬೆಳೆಗಾವಲನ್ನು ಒಂದೇ ಮಗ್ಗುಲಿನಿಂದ ಕಂಡಿವೆ. ಇದರಲ್ಲಿ ಅನುವಾದ ಮಾಡಿದವರೂ ಇಲ್ಲ, ಕದ್ದವರೂ ಇಲ್ಲ. ‘ಹೊಡಿ’ ಎಂಬ ಧಾತುವೂ ಹೀಗೆಯೇ. ‘ಹಕ್ಕಿ ಹೊಡಿ’ ಎಂದರೆ ಕೊಲ್ಲು ಎಂದಲ್ಲ. ‘ಬಂಡಿ ಹೊಡಿ’, ‘ದನಾ ಹೊಡಿ’ ಎಂಬಂತೆ ಆಚೆಗೆ ನಡೆಸು ಎಂದು. ಹಳಗನ್ನಡದಲ್ಲಿ ಈ ಕೆಲಸಕ್ಕೆ ‘ಸೋವು’ ಎಂಬ ಚೆಂದದ ಧಾತು ಇತ್ತು.

ಬೆದರುಬೊಂಬೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಬಡಿಗೆ ಅಡ್ಡ ಕಟ್ಟಿ, ಕಣಕಿ ಸುತ್ತಿ, ಹರಕು ಅಂಗಿ ತೊಡಿಸಿ, ತಲೆಗೆ ಮಸಿ ಬಳಿದ ಗಡಿಗೆ. ಮರಾಠಿಯ ಹೆಸರು ‘ಬುಜಣೆ’ ಎಂಬ ಧಾತುವಿನದು, ಅದರ ಅರ್ಥ ಬೆದರುವುದು. ನಮ್ಮ ಹೆಸರಿನದೂ ಅದೇ ಅರ್ಥ. ಸಂಸ್ಕೃತದಲ್ಲಿ ಹುಲ್ಲಿನ ಈ ಮನುಷ್ಯನಿಗೆ ‘ಚಂಚಾ’ ಎಂದು ಹೆಸರು, ಸ್ತ್ರೀಲಿಂಗ. ಯಾವನಾದರೊಬ್ಬ ಗಂಡಸು ಬೆದರುಬೊಂಬೆಯಂತಿದ್ದರೆ ಅವನನ್ನೂ ‘ಚಂಚಾ’ ಎಂದೇ ಕರೆಯಬಹುದು, ಪ್ರತ್ಯಯ ಲೋಪವಾಗುತ್ತದೆ ಎಂಬುದಕ್ಕೆ 5.3.98ನೆಯ ಸೂತ್ರ. ಹಾಗೆ ಕರೆದಾಗ ವಿಶೇಷಣ ಮಾತ್ರ ಪುಲ್ಲಿಂಗದಲ್ಲಿ ಇರಬೇಕೆಂದು ವ್ಯಾಖ್ಯಾನಕಾರರು ಚರ್ಚಿಸಿ, ಚಂಚಾ ಎಂಬ ಹೆಂಗಸಿನ ಶಬ್ದದ ಪಕ್ಕಕ್ಕೆ ‘ಚೆಲುವ’ ಎಂಬ ಗಂಡಸಿನ ವಿಶೇಷಣವನ್ನು ಕೂಡಿಸಿದ್ದಾರೆ. ವೈಯಾಕರಣರಿಗೆ ನಗೆ ಗೊತ್ತಿಲ್ಲ ಎನ್ನುವವರು ಇದನ್ನು ಓದಬೇಕು. ನಾನು ಈ ಸೂತ್ರವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಕಿಟಕಿಯ ಆಚೆ ಹೊಲದಲ್ಲೇ ಚಂಚಾ ನಿಂತಿತ್ತು. ಒಮ್ಮೆಯೂ ಬೆರಳು ಮಾಡಿ ತೋರಿಸಲಿಲ್ಲ.

ಅಟ್ಟದ ಮಾತು ಬೇರೆ. ನಾಲ್ಕು ಕವಲಿನ ಕಂಬ ನೆಟ್ಟು, ಅಡ್ಡ ಬಡಿಗೆ ಹಾಸಿ, ಮೇಲೆ ಕಣಕಿಯ ನೆರಳು. ತೆನೆಯ ಮೇಲಿಂದ ಕಣ್ಣು ಹಾಯುವಷ್ಟು ಎತ್ತರ ಬೇಕು. ಮರಾಠಿಯ ‘ಮಾಳಾ’, ನಮ್ಮ ‘ಮಾಳಿಗೆ’ ಇವುಗಳ ನಂಟು ಕಿವಿಗೇ ತಿಳಿಯುತ್ತದೆ. ತೆಲುಗಿನ ‘ಮಂಚೆ’, ಕನ್ನಡದ ‘ಮಂಚಿಕೆ’ ಇನ್ನೊಂದು ಜೋಡಿ. ಯಾರಿಂದ ಯಾರಿಗೆ ಹೋಯಿತೆಂಬ ಜಗಳ ಇಲ್ಲಿ ಬೇಡ. ನಾನು ಹೇಳಬೇಕೆಂದಿರುವುದು ಬೆಳೆಯ ಎತ್ತರದ ವಿಚಾರ. 1964ರಲ್ಲಿ ಸಿಎಸ್‌ಎಚ್-1 ಎಂಬ ಮೊದಲ ಸಂಕರ ಜೋಳ ಬಿಡುಗಡೆಯಾದ ಮೇಲೆ ಮುಂಗಾರಿಯಲ್ಲಿ ಗಿಡ್ಡ ಜೋಳ ಬಂತು. ಗಿಡ್ಡ ಜೋಳಕ್ಕೆ ಅಟ್ಟ ಬೇಡ, ಬದುವಿನ ಮೇಲೆ ನಿಂತರೆ ಸಾಕು. ಹಿಂಗಾರಿಯಲ್ಲಿ ಮಾಲದಂಡಿ ಉಳಿಯಿತು, ಅಟ್ಟವೂ ಉಳಿಯಿತು, ಅಟ್ಟದ ಮಾತೂ ಉಳಿಯಿತು. ಶಬ್ದ ಅಳಿದದ್ದಕ್ಕೆ ನೆರೆಯ ಭಾಷೆಯನ್ನು ದೂರುವ ಮೊದಲು ತಳಿ ಯಾವುದು ಎಂದು ಕೇಳುವುದು ಒಳ್ಳೆಯದು.

ನಮ್ಮ ಸಾಹಿತ್ಯದ ವಿದ್ವಾಂಸರದು ಇನ್ನೊಂದು ದೋಷ. ಹೊಲಗಾವಲು ಎಂದ ಕೂಡಲೇ ಅವರಿಗೆ ಕಾವ್ಯದ ಶಾಲಿಗೋಪಿ ನೆನಪಾಗುತ್ತಾಳೆ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಕಬ್ಬಿನ ನೆರಳಲ್ಲಿ ಕೂತು ರಘುವಿನ ಕೀರ್ತಿ ಹಾಡುವವರು ಇವರೇ. ಕಿರಾತಾರ್ಜುನೀಯದ ನಾಲ್ಕನೆಯ ಸರ್ಗದಲ್ಲಿ ಭತ್ತದ ತೆನೆ ಕಚ್ಚಿ ಹಾರುವ ಗಿಳಿಗಳ ಸಾಲು ಭಾರವಿಗೆ ಕಾಮನಬಿಲ್ಲಾಗಿ ಕಾಣುತ್ತದೆ. ಚೆಂದವೇ, ಆದರೆ ಆ ತೆನೆ ಯಾರದು? ಗಿಳಿಯ ಬಾಯಲ್ಲಿ ಹೋದ ತೆನೆಯನ್ನು ಕಾಮನಬಿಲ್ಲೆಂದು ನೋಡಲು ಹೊಲ ನಮ್ಮದಾಗಿರಬಾರದು. ಇವರೆಲ್ಲರಲ್ಲಿ ಮಾಘನೊಬ್ಬ ಬದುವಿನ ಮೇಲೆ ನಿಂತು ನೋಡಿದವನು. ಶಿಶುಪಾಲವಧದ ಹನ್ನೆರಡನೆಯ ಸರ್ಗದಲ್ಲಿ ಹೆಂಗಸರು ಗಿಳಿಗಳನ್ನು ಓಡಿಸಲು ಆ ಕಡೆ ಹೋದರೆ ಈ ಕಡೆ ಜಿಂಕೆಗಳು ನುಗ್ಗುತ್ತವೆ. ಅವರ ಪರದಾಟವನ್ನು ನೋಡಿ ಕೃಷ್ಣ ನಗುತ್ತಾನೆ. ಹೊಲ ಕಾದವರಿಗೆ ಇದು ಸುಳ್ಳಲ್ಲವೆಂದು ಗೊತ್ತು. ಆದರೂ ಯಾವ ಕವಿಯ ನಾಯಿಕೆಯ ಕೈಯಲ್ಲೂ ಪುಂಡಿನಾರಿನಿಂದ ಕೊಯ್ದ ಗೀರು ಇಲ್ಲ. ನಮ್ಮ ಕಡೆ ಹಕ್ಕಿ ಕಾದವರು ಮನೆಯ ಮುದುಕರು, ಕೂಲಿಯ ಹೆಂಗಸರು, ಮತ್ತು ಶಾಲೆ ಬಿಡಿಸಿದ ಮಕ್ಕಳು. ಪ್ರಬಂಧದಲ್ಲಿ ಶಾಲಿಗೋಪಿಯ ಉಪಮೆಯನ್ನು ತಂದು ಇವರ ಮೇಲೆ ಹೊದಿಸುವುದು ವಿದ್ವತ್ತಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಬರೆಯಬೇಕು. ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಒಮ್ಮೆ ಶಾಲಿಗೋಪಿ ಶಬ್ದಕ್ಕೆ ಮರಾಠಿಯಲ್ಲಿ ಅರ್ಥ ಹೇಳುತ್ತಿದ್ದೆ. ಡಿಸೆಂಬರ್ ತಿಂಗಳು, ಹಿಂದಿನ ಬಾಕಿನ ಹುಡುಗನೊಬ್ಬ ಎರಡು ವಾರ ಬಂದಿರಲಿಲ್ಲ, ಅಂದು ಬಂದಿದ್ದ. ಎದ್ದು ನಿಂತು ಕನ್ನಡದಲ್ಲಿ, “ಸರ್, ಅಂದ್ರ ಹಕ್ಕಿ ಕಾಯಾಕಿ ಏನ್ರೀ?” ಎಂದ. ವರ್ಗ ನಕ್ಕಿತು. ಅರ್ಥ ಅದಕ್ಕಿಂತ ಸರಿಯಾಗಿ ಹೇಳಲು ಸಾಧ್ಯವಿರಲಿಲ್ಲ. ನಾನು ಮಾತ್ರ, ವರ್ಗದಲ್ಲಿ ಶುದ್ಧ ಭಾಷೆ ಆಡು ಎಂದು ಕೂಡಿಸಿದೆ. ಶುದ್ಧ ಎಂದರೆ ಯಾವುದು ಎಂದು ಆತ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಹುಡುಗ ಮುಂದಿನ ವರ್ಷ ಸಂಸ್ಕೃತ ಬಿಟ್ಟ. ಪಟ್ಟಿ ಮಾಡುವ ಅಭ್ಯಾಸಿಗಳ ‘ಕಲಬೆರಕೆ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ನನ್ನದೇ ದನಿ ಕೇಳಿಸುತ್ತದೆ. ಅದಕ್ಕೇ ಈ ಸಿಟ್ಟು ಎಂದು ಓದುಗರು ತಿಳಿದರೂ ಅಡ್ಡಿಯಿಲ್ಲ.

ಹಾಗಾದರೆ ಹೇಗೆ ಸಂಗ್ರಹಿಸಬೇಕು? ದಾರಿ ಹೊಸದೇನಲ್ಲ. ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ತೆಲುಗಿನಲ್ಲಿ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟವನ್ನು ಹೊರತಂದರು. ಅದು ಒಕ್ಕಲುತನಕ್ಕೇ ಮೀಸಲು. ಕಸುಬಿನವರ ಬಾಯಿಂದ, ಕಸುಬಿನ ಕ್ರಮದಲ್ಲಿ, ಭಾಗ ಭಾಗಕ್ಕೂ ಬದಲಾಗುವ ರೂಪಗಳೊಂದಿಗೆ ಶಬ್ದ ಎತ್ತಿದ ಕೆಲಸ. ನಮ್ಮವರು ಅದನ್ನು ಹೊಗಳುತ್ತಾರೆ, ಅನುಸರಿಸುವುದು ಕಡಿಮೆ. ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದ ಸಾಂಗಲಿ ಜಿಲ್ಲೆಯ ಕುಪವಾಡದ ಅಧ್ಯಯನವನ್ನು ಗಡಿಯ ಪ್ರತಿಯೊಬ್ಬ ಅಭ್ಯಾಸಿಯೂ ಹೆಸರಿಸುತ್ತಾನೆ. ಅಲ್ಲಿಯ ಕನ್ನಡ, ಮರಾಠಿ, ಉರ್ದು ಭಾಷೆಗಳು ವಾಕ್ಯರಚನೆಯಲ್ಲಿ ಒಂದಕ್ಕೊಂದು ಹತ್ತಿರ ಬಂದು, ಶಬ್ದಗಳಲ್ಲಿ ಬೇರೆಯಾಗಿ ಉಳಿದವು ಎಂಬುದು ಅದರ ತಾತ್ಪರ್ಯ. ಅದನ್ನು ಎತ್ತಿ ತಂದು ಉದಗೀರಕ್ಕೆ ಅಂಟಿಸಲಾಗದು. ಇಲ್ಲಿ ಹೊಲದ ಮಾತಿನ ಮಟ್ಟಿಗಾದರೂ ಸಾಧನದ ಹೆಸರು ಮೊದಲು ಹೋಗುತ್ತದೆ, ಭಾಗಗಳ ಹೆಸರು ಆಮೇಲೆ, ಕ್ರಿಯಾಪದ ಎಲ್ಲಕ್ಕೂ ಕೊನೆಗೆ. ಶಂಬಾ ಜೋಶಿಯವರ ‘ಕಣ್ಮರೆಯಾದ ಕನ್ನಡ’ 1933ರದು. ಮಹಾರಾಷ್ಟ್ರದೊಳಗೆ ಕನ್ನಡದ ಹೆಜ್ಜೆ ಹುಡುಕಿದ ಆ ಸಾಹಸಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಶೀರ್ಷಿಕೆ ನಮ್ಮ ತಲೆಯಲ್ಲಿ ಕೂತು, ಬದುಕಿರುವ ಮಾತನ್ನೂ ನಾವು ಅವಶೇಷದಂತೆ ಅಗೆಯುತ್ತಿದ್ದೇವೆ. ಆಯಿ ಕಣ್ಮರೆಯಾಗಿಲ್ಲ, ಎದುರಿಗೇ ಕೂತು ಮಾತಾಡುತ್ತಿದ್ದಾಳೆ.

ಪಟ್ಟಿಯಲ್ಲಿ ಅಂಕಣವೇ ಇಲ್ಲದ ಸಂಗತಿಗಳೂ ಇವೆ. ಹಕ್ಕಿ ಕಾಯುವ ಮೊದಲ ಸಾಧನ ಮನುಷ್ಯನ ಗಂಟಲು. ಭೋರಡಿ ಎದ್ದಾಗ ಹಾಕುವ ಉದ್ದನೆಯ ‘ಹೋ’, ಗುಬ್ಬಿಗೆ ತುಟಿಯಲ್ಲೇ ‘ಹುಶ್’, ಪಕ್ಕದ ಹೊಲದವರಿಗೆ ‘ನಿಮ್ಮ ಕಡೆ ಬಂದವ್ರೋ’ ಎಂಬ ಎಚ್ಚರಿಕೆ. ಈ ಎಚ್ಚರಿಕೆ ಯಾವ ಭಾಷೆಯಲ್ಲಿ ಹೋಗುತ್ತದೆ ಎಂಬುದು ಪಕ್ಕದ ಹೊಲ ಯಾರದು ಎಂಬುದರ ಮೇಲೆ. ಒಂದೇ ಅಟ್ಟದಿಂದ ಮೂಡಣಕ್ಕೆ ಕನ್ನಡ, ಪಡುವಣಕ್ಕೆ ಮರಾಠಿ. ಇದನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ? ಮಾರ್ಗಶಿರದ ಅಮಾವಾಸ್ಯೆಗೆ ನಮ್ಮ ಎಳ್ಳಮಾಸಿ, ಲಾತೂರ ಕಡೆಯ ಮರಾಠಿಗರ ‘ಯೆಳವಸ’. ಹೆಸರಿನಲ್ಲೇ ನಮ್ಮ ಎಳ್ಳು ಕಾಣುತ್ತದೆ. ಅಂದು ಹೊಲದಲ್ಲಿ ಚರಗ ಚೆಲ್ಲುತ್ತ ಮರಾಠಿ ಒಕ್ಕಲಿಗರು ಕೂಗುವ ಕೂಗಿನ ಅರ್ಥ ಅವರಿಗೇ ತಿಳಿಯದು. ಬೀದರ ಕಡೆಯ ಕನ್ನಡದ ಕೂಗಿನ ಪಕ್ಕಕ್ಕೆ ಇಟ್ಟರೆ ಎರಡೂ ಒಂದೇ ತಾಯಿಯ ಮಕ್ಕಳೆಂದು ತಿಳಿಯುತ್ತದೆ. ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯದೆ ತೆಗೆದುಕೊಂಡದ್ದನ್ನಷ್ಟೇ ಪಟ್ಟಿ ಮಾಡಿದರೆ ಯಾವ ಮನೆಯೂ ದಿವಾಳಿಯಾಗಿಯೇ ಕಾಣುತ್ತದೆ.

ಕೆಲಸಕ್ಕೆ ಹೊತ್ತು ಹೆಚ್ಚಿಲ್ಲ. 1990ರ ದಶಕದ ಈಚೆಗೆ ಲಾತೂರ ಕಡೆ ಸೋಯಾಬೀನ್ ಹಬ್ಬಿ ಮುಂಗಾರಿಯ ಜೋಳ ಹಿಂದೆ ಸರಿಯಿತು; ಸೋಯಾ ಕೊಯ್ದ ಮೇಲೆ ಕಡಲಿ ಹಾಕುವುದರಿಂದ ಹಿಂಗಾರಿಯ ಜೋಳವೂ ಕುಗ್ಗಿತು. ಸೋಯಾಕ್ಕೆ ಗುಬ್ಬಿ ಬೀಳುವುದಿಲ್ಲ. ಜೋಳ ಉಳಿದಲ್ಲಿ ಕೂಲಿ ಕೊಟ್ಟು ಹಕ್ಕಿ ಕಾಯಿಸುವುದು ಗಿಟ್ಟುವುದಿಲ್ಲ. ಹಳೆಯ ಕ್ಯಾಸೆಟಿನ ಪಟ್ಟಿಯನ್ನು ಹೊಲಕ್ಕೆ ಅಡ್ಡ ಕಟ್ಟಿ ಗಾಳಿಗೆ ಗುಂಯ್‌ಗುಡಿಸುವ ಕಾಲವೂ ಬಂದು ಹೋಯಿತು. ಈಗ ಬಲೆ, ಪೈಪಿನ ಬಂದೂಕು, ಮೊದಲೇ ತುಂಬಿಟ್ಟ ಕೂಗನ್ನು ದಿನವಿಡೀ ಕೂಗುವ ಭೋಂಗಾ.

ಕಳೆದ ಚಳಿಗಾಲ ನಿಲಂಗಾ ಕಡೆಯ ನೆಂಟರ ಮನೆಯಲ್ಲಿ ಒಬ್ಬ ತರುಣ ನನಗೆ ಕವಣೆ ಮಾಡಿಕೊಟ್ಟ. ಪುಂಡಿನಾರು ಸಿಗಲಿಲ್ಲವೆಂದು ನೈಲಾನ್ ಹಗ್ಗ, ನಡುವೆ ಹಳೆಯ ಚೀಲದ ತುಂಡು. ಮರಾಠಿಯಲ್ಲೇ ಓದಿದವನು, ಕನ್ನಡ ಓದಲು ಬಾರದು. ಹೆಸರು ಕೇಳಿದರೆ ಗೋಫಣ ಎಂದ, ಮಹಾಪ್ರಾಣದ ಸಮೇತ. ಆಮೇಲೆ ನನ್ನ ಬೆರಳಿಗೆ ತುದಿಯನ್ನು ತೊಡಿಸುತ್ತ, “ಕಾಕಾ, ಕುಣಿಕಿ ಸಡ್ಲ ಅದ, ಬೀಸೂ ಮುಂದ ಕೈ ಬಿಟ್ಟು ಹೋಗ್ತದ ನೋಡ್ರಿ” ಎಂದ.